ಬಾಲ ನೋಡು

ಕಾಪ್ ಪೆಲೇ ಅಂಚೆಮನೆಯಲ್ಲಿ ಮೂವತ್ತೊಂದು ವರ್ಷ
ಕಾಗದ ವಿಂಗಡಿಸಿದ ಕೈ ಇದು, ಎಂದಳು ಝೆನೋಬಿ ಕೊರ್ಮಿಯೇ,
ಬಲೆಯಿಂದ ಬಿಡಿಸಿದ ಹಕ್ಕಿಯ ಕೊರಳನ್ನು
ಎರಡು ಬೆರಳ ಸಂದಿನಲ್ಲಿ ಹಿಡಿದು.
ಬಿಗಿದರೆ ಸಾಯುತ್ತೆ, ಸಡಿಲಿಸಿದರೆ ಹೋಗುತ್ತೆ.
ಹೇಳಿಕೊಟ್ಟು ಬರುವುದಲ್ಲ. ತಗೋ, ಹಿಡಿ.

ಅಕ್ಟೋಬರ್. ಇನ್ನೂ ಬೆಳಕು ಹರಿದಿಲ್ಲ.
ಹೊಗೆಮನೆಗಳಲ್ಲಿ ಹೆರಿಂಗ್ ಮೀನು ಒಣಗುವ ವಾಸನೆ
ಕೋಟಿನ ತೋಳಿಗೂ ಹತ್ತಿದೆ.
ಸ್ಪ್ರೂಸ್ ಮರಗಳ ನಡುವೆ ಹನ್ನೆರಡು ಬಲೆ,
ಮಂಜು ಕೂತರಷ್ಟೇ ಇದೆ ಎಂದು ಗೊತ್ತಾಗುವಷ್ಟು ನವಿರು.
ರಾತ್ರಿಯಿಡೀ ತಲೆಯ ಮೇಲೆ ಹಾದುಹೋದವರಲ್ಲಿ
ದಣಿದ ಒಂದಿಷ್ಟು ಇಲ್ಲಿ ಇಳಿದಿದ್ದವು.

ಗ್ರೀವ್ ಎನ್ನುತ್ತಾರೆ ಇಲ್ಲಿಯವರು. ಕನ್ನಡದ ಕಿವಿಗೆ ಅದು ಕೊರಳು.
ನಾನು ಸಿಳ್ಳಾರ ಎಂದುಕೊಂಡೆ, ಮನಸ್ಸಿನಲ್ಲೇ.
ಯಾವ ಸಿಳ್ಳಾರ ಎಂದು ಕೇಳಿದರೆ ಗೊತ್ತಿಲ್ಲ.
ಎಲ್ಲವೂ ಕಂದು, ಎಲ್ಲದರ ಎದೆಗೂ ಚುಕ್ಕೆ,
ವಿಳಾಸ ಬರೆಯದ ಲಕೋಟೆಗಳು.

ಕಣ್ಣ ಸುತ್ತ ಹಳದಿ ಕನ್ನಡಕ ತೊಟ್ಟಿದೆಯಲ್ಲ, ಅದು ಪೆರುವಿಗೆ.
ಹೋದ ವಾರವೇ ಹೊರಡಬೇಕಿತ್ತು, ಸೋಮಾರಿ.
ಕೆನ್ನೆಗೆ ಬೂದಿ ಬಳಿದ ಹಾಗಿದ್ದರೆ ಇನ್ನೂ ಉತ್ತರದ್ದು.
ಮೈಯೆಲ್ಲ ದಾಲ್ಚಿನ್ನಿ, ಚುಕ್ಕೆ ಅಳಿಸಿದಂತೆ ಇರುತ್ತಲ್ಲ,
ಅದನ್ನು ಈಗ ಹುಡುಕಬೇಡ;
ಬಾಡಿಗೆ ಬಾಕಿ ಇಟ್ಟವರ ಹಾಗೆ
ಸೆಪ್ಟೆಂಬರಿನಲ್ಲೇ ಖಾಲಿ ಮಾಡಿತು, ಬ್ರೆಜಿಲಿಗೆ.
ಈಗ ನಿನ್ನ ಕೈಯಲ್ಲಿರುವುದರ ಬಾಲ ನೋಡು.

ನೋಡಿದೆ. ಬೆನ್ನು ಒದ್ದೆ ಮಣ್ಣಿನ ಕಂದು.
ಬಾಲ ಮಾತ್ರ ತುಕ್ಕುಗೆಂಪು,
ಬೇರೆ ಯಾವುದೋ ಹಕ್ಕಿಯದನ್ನು ತಂದು ಹೊಲಿದಂತೆ.
ಮೊಹರು, ಎಂದಳು.

ಮೂವತ್ತೊಂದು ಗ್ರಾಂ. ಗರಿ ಊದಿ ನೋಡಿದರೆ
ಕೊರಳಗುಳಿಯಲ್ಲಿ ಬೆಣ್ಣೆಬಣ್ಣದ ಕೊಬ್ಬು:
ದಾರಿಯ ಬುತ್ತಿ.
ಎಡಗಾಲಿಗೆ ಉಂಗುರ ತೊಡಿಸಿ, ಅಂಕಿ ಓದು ಎಂದಳು.
ಓದಿದೆ. ಮತ್ತೊಮ್ಮೆ ಓದು ಎಂದಳು.
ಆಗ ತಿಳಿಯಿತು.
ಅವಳ ನೋಟದ ನಟ್ಟನಡುವೆ
ಹೋದ ವರ್ಷದಿಂದ ಒಂದು ಮಸಿ ಕೂತಿದೆ;
ದಿಟ್ಟಿಸಿದ್ದು ಮರೆಯಾಗುತ್ತದೆ,
ಅಂಚಿನಲ್ಲಿರುವುದಷ್ಟೇ ಉಳಿಯುತ್ತದೆ.

ಡಿಸೆಂಬರ್ ಹದಿನೇಳು. ಬಲೆಗಳನ್ನು ಮಡಚಿಟ್ಟಾಗಿತ್ತು.
ಹಿಮ ತೆಗೆಯುವ ಗಾಡಿಯ ಆಲೀರ್ ಲೆಜೇ ಫೋನು ಮಾಡಿದ:
ದವಾಖಾನೆಯ ಹಿಂದೆ ಒಂದು ಹಕ್ಕಿ, ಕಂದು,
ಪಾಪ, ದಾರಿ ತಪ್ಪಿದೆ.
ಹೋದೆವು. ಅವನು ಕೆರೆದ ಕಡೆ ಹಳೆಯ ಎಲೆ ಕಾಣುತ್ತಿತ್ತು,
ಮೇಲೆ ಕೆಂಪು ಹಣ್ಣಿನ ಗೊಂಚಲು ಹೊತ್ತ ಬೋಳು ಮರ.
ಈ ಸೀಮೆಯಲ್ಲಿ ಆ ಮರಕ್ಕೆ ಕೊರ್ಮಿಯೇ ಎಂದೇ ಹೆಸರು.
ಆಲೀರ್ ಅದನ್ನು ಹೇಳಿ ನಕ್ಕ. ಅವಳು ನಗಲಿಲ್ಲ.

ಹಕ್ಕಿಯನ್ನು ನೋಡಲಿಲ್ಲ ಅವಳು. ಮುಖ ತಿರುಗಿಸಿ
ಪಕ್ಕದ ತಂತಿಬೇಲಿಯನ್ನು ನೋಡುತ್ತ ನಿಂತಳು, ಬಹಳ ಹೊತ್ತು.
ಚಕ್, ಎಂದಿತು ಅದು.
ಥಟ್ಟನೆ ಬಾಲ ಎತ್ತಿತು.
ಇಳಿಸಿತು, ನಿಧಾನ,
ಎತ್ತಿದ್ದೇಕೆ ಎಂದು ಮರೆತವರ ಹಾಗೆ.

ಸೊಲಿತೇರ್, ಎಂದಳು ಬೇಲಿಗೆ. ಒಂಟಿ.
ದಾರಿ ಗೊತ್ತು ಅದಕ್ಕೆ.
ಏಪ್ರಿಲಿನಲ್ಲಿ ಎಲ್ಲರಿಗಿಂತ ಮೊದಲು ಬರುವುದು ಇದು,
ಕೊನೆಗೆ ಹೊರಡುವುದೂ ಇದೇ. ಕೆಲವು ಹೊರಡುವುದೇ ಇಲ್ಲ.
ಬೇಸಿಗೆಯಲ್ಲಿ ಇರುವೆ, ಹುಳು; ಈಗ ಹಣ್ಣು, ಸಿಕ್ಕರೆ.
ಹಾಡು?
ಅದೆಲ್ಲ ಮಂಜು ಕರಗಿದ ಮೇಲೆ.

ಉಂಗುರ ಇದೆಯಾ ನೋಡು.
ಮಂಡಿಯೂರಿದೆ. ಚಳಿಗೆ ಉಬ್ಬಿ ಚೆಂಡಾಗಿ
ಕಾಲು ಗರಿಯೊಳಗೆ ಎಳೆದುಕೊಂಡಿತ್ತು.
ಕಾಣುವುದಿಲ್ಲ, ಎಂದೆ.
ಸರಿ, ನಾಳೆ ಬರೋಣ, ಎಂದಳು,
ನನ್ನ ಭುಜಕ್ಕಾಗಿ ಗಾಳಿಯಲ್ಲಿ ತಡಕುತ್ತ.

ಆಲೀರ್ ಆ ಮೂಲೆಯನ್ನು ಇನ್ನೊಂದಿಷ್ಟು ಕೆರೆದು ಹೋದ.
ಬಿಲ್ಲಿನಲ್ಲಿ ಬರೆದನೋ ಇಲ್ಲವೋ, ಕೇಳಲಿಲ್ಲ.