ಹದಿನೇಳನೇ ಬಸ್ಸು, ಮಸ್ಕತ್

ಐದೂ ಮುಕ್ಕಾಲಿಗೇ ಕಾದಿದೆ ಬಾಗಿಲ ಹಿಡಿ.
ಘುಬ್ರಾದ ತಿರುವಿನಲ್ಲಿ ಏಳನೇ ಕ್ಲಾಸು ಹತ್ತುತ್ತದೆ
ತನಗಿಂತ ದಪ್ಪ ಚೀಲ ಹೊತ್ತು.
ತಲೆ ಎಣಿಸುತ್ತೇನೆ, ಇಪ್ಪತ್ಮೂರು.
ಎಣಿಕೆ ನನ್ನದು, ಲೆಕ್ಕ ಅವರದು.

ಇವತ್ತು ಗಣಿತದ ಟೆಸ್ಟು.
ಶಮ್ಮಾಸ್ ಗೊಣಗುತ್ತಾನೆ ತಸ್ಬೀಹ್ ಮಣಿ ಜಾರಿಸುವ ಹಾಗೆ:
ಮೈನಸ್ ಇಂಟು ಮೈನಸ್ ಪ್ಲಸ್,
ಮೈನಸ್ ಇಂಟು ಮೈನಸ್ ಪ್ಲಸ್.

ಪಕ್ಕದಲ್ಲಿ ಜೋವಿಟಾ
ನೋಟ್‌ಬುಕ್ಕಿನಲ್ಲಿ ಸಮುದ್ರ ಕಾಯಿಸುತ್ತಿದ್ದಾಳೆ.
ಮೇಲಕ್ಕೊಂದು ಬಾಣ, ಆವಿ. ಕೆಳಕ್ಕೊಂದು, ನೀರು.
ತಳದ ಉಪ್ಪಿಗೆ ಬಿಳಿ ಕ್ರೇಯಾನ್,
ಬಿಳಿ ಹಾಳೆಯ ಮೇಲೆ.
ಕಾಣಿಸುವುದಿಲ್ಲವಲ್ಲೇ ಅಂದೆ.
'ಇದೆ ಆಂಟಿ, ಬೆರಳಿಟ್ಟು ನೋಡಿ.'

ನಮ್ಮ ನಲ್ಲಿಯ ನೀರೂ ಹೀಗೇ ಬಂದದ್ದಂತೆ.
ಒಂಬತ್ತು ವರ್ಷ ಕುಡಿದೆ, ಯಾರೂ ಹೇಳಿರಲಿಲ್ಲ.

ಅರಬ್ಬಿ ಪುಸ್ತಕ ಹಿಂದಿನಿಂದ ತೆರೆಯುತ್ತದೆ.
ಚರಿತ್ರೆಯಲ್ಲಿ ಸುಲ್ತಾನನೊಬ್ಬ
ರಾಜಧಾನಿಯನ್ನೇ ಎಬ್ಬಿಸಿ ನಡೆಸಿ
ಮತ್ತೆ ವಾಪಸು ಹೊರಡಿಸುತ್ತಾನೆ.
ಅಷ್ಟು ಜನ ದಾರಿಯಲ್ಲಿ ಏನುಂಡರೋ ಅಂದರೆ
'ಅದು ಸಿಲೆಬಸ್ಸಿನಲ್ಲಿಲ್ಲ' ಅಂತಾನೆ ವಿಹಾಂಗ್.

ರೌಂಡಬೌಟಿನಲ್ಲಿ ಬಸ್ಸು ವಾಲಿದಾಗ
ಕೇಳಿಯೇ ಬಿಟ್ಟೆ:
ಎರಡು 'ಇಲ್ಲ' ಸೇರಿ ಅದು ಹೇಗೋ 'ಇದೆ' ಆಗುತ್ತದೆ?
ಶಮ್ಮಾಸ್ ಕಿಟಕಿ ನೋಡಿದ.
'ಆಂಟಿ, ನಿಮಗೆ ಐದೈದು ರಿಯಾಲಿನ
ಮೂರು ಸಾಲ ಇದೆ ಅಂತಿಟ್ಟುಕೊಳ್ಳಿ.'
ಇಟ್ಟುಕೊಳ್ಳುವುದೇನು ಬಂತು.
'ಯಾರೋ ಬಂದು ಮೂರೂ ಚೀಟಿ ಹರಿದುಹಾಕಿದರು.
ಹದಿನೈದು ಕೈಗೆ ಬಂದ ಹಾಗೇ ಅಲ್ಲವಾ?'

ಗೇಟು ಬಂತು. ಇಪ್ಪತ್ಮೂರೂ ಇಳಿದವು.
ಪ್ರತಿ ಸೀಟಿನಡಿ ಬಗ್ಗಿ ನೋಡುವುದು ನಿಯಮ,
ಯಾರಾದರೂ ನಿದ್ದೆಹೋಗಿರಬಹುದು.
ಒಂದು ರಬ್ಬರು, ಅರ್ಧ ಬಾಟಲಿ ನೀರು.
ಬೆರಳ ತುದಿಗೆ ಇನ್ನೂ ಮೇಣದ ಜಿಡ್ಡು.