ಸೈಕಲ್ ಕಡ್ಡಿ

ರಾಣೆಬೆನ್ನೂರಿನಿಂದ ನೀಲವ್ವ ಫೋನು ಮಾಡಿದ್ದಳು:
"ಅಕ್ಕಾ, ವರ್ಗಾವಣಿ ಅರ್ಜಿಯೊಳಗ ಮೂರು ಊರು ಬರೀಬೇಕಂತ.
ಯಾವ ಊರಾಗ ಕರೆಂಟು ನೀರು ಸೋವಿ?
ನೀ ಎಲ್ಲಾ ಕಡೆ ಇದ್ದಾಕಿ, ಹೇಳು."

ಇದ್ದವಳೇ ಹೌದು.
ಬೆಂಕಿ ಆರಿಸುವ ಗಾಡಿಯ ಡ್ರೈವರನ್ನು ಕಟ್ಟಿಕೊಂಡು
ಹದಿಮೂರು ವರ್ಷ, ಐದು ಊರು.
ಬಾಗಿಲ ಹಿಂದಿನ ಮೊಳೆಗೆ ಬಗ್ಗಿಸಿದ ಸೈಕಲ್ ಕಡ್ಡಿ,
ಅದರ ಕತ್ತಿನವರೆಗೂ ಬಿಲ್ಲು.
ಪೆನ್ಷನ್ ಮೊಹಲ್ಲಾದ ಈ ಮನೆಯಲ್ಲಿ
ಚಾಪೆ ಹಾಸಿ ಕೂತು ಒಂದೊಂದೇ ಬಿಚ್ಚಿದೆ.

ತಳದಲ್ಲಿ ಬಳ್ಳಾರಿ.
ಮೇ ತಿಂಗಳು, ಸಾವಿರದ ನೂರ ಎಂಬತ್ತು.
ಉಳಿದ ಅಕ್ಷರ ಬಿಸಿಲಿಗೆ ಬಿಳಿಚಿಕೊಂಡಿವೆ.
ಕೂಲರು ರಾತ್ರಿಯಿಡೀ ಗೊರಕೆ ಹೊಡೆಯುತ್ತಿತ್ತು,
ಮಗು ಅದರ ಮುಂದೆಯೇ ತೆವಳಲು ಕಲಿಯಿತು.
ನೀರು ಎಂಟು ದಿನಕ್ಕೊಮ್ಮೆ. ನೀರಿನ ಬಿಲ್ಲೇನೋ ಕಡಿಮೆ,
ಡ್ರಮ್ಮು ಕೊಂಡ ದುಡ್ಡನ್ನು ಯಾವುದಕ್ಕೆ ಸೇರಿಸಲಿ?
ಇವರ ಗಾಡಿಯ ಹೊಟ್ಟೆಯಲ್ಲಿ ನಾಲ್ಕೂವರೆ ಸಾವಿರ ಲೀಟರು,
ನಮ್ಮ ನಲ್ಲಿಯಲ್ಲಿ ಬರೀ ಸಿಳ್ಳೆ.
ಒಂದೇ ಒಂದು ಸಲ ಕೇಳಿದ್ದೆ, ಎರಡು ಕೊಡ ತನ್ನಿ ಅಂತ.
ಎರಡು ದಿನ ಮಾತಾಡಲಿಲ್ಲ ಮಹಾರಾಯ.

ಕಾರವಾರದಲ್ಲಿ ಬಟ್ಟೆ ಒಣಗಿಸಿದ್ದು ಇಸ್ತ್ರಿಪೆಟ್ಟಿಗೆ.
ಆ ಜುಲೈ ಬಿಲ್ಲಿನೊಳಗೆ
ಮಗಳ ಒಂದೇ ಜೊತೆ ಯೂನಿಫಾರಮ್ಮು ಇದೆ,
ದಿನಾ ರಾತ್ರಿ ಒಗೆದದ್ದು, ದಿನಾ ಬೆಳಿಗ್ಗೆ ಹೊಗೆಯಾಡಿದ್ದು.

ಹುಬ್ಬಳ್ಳಿಯಲ್ಲಿ ಯೂನಿಟ್ಟು ಯಾಕೆ ಏರುತ್ತಿದೆ ಅಂತ
ಆರು ತಿಂಗಳು ಫ್ರಿಜ್ಜನ್ನೇ ಬೈದೆವು.
ಆಮೇಲೆ ಗೊತ್ತಾಯಿತು,
ಮಾಲೀಕರ ತಂದೆಯ ಫೋಟೋ ಸುತ್ತ
ಹಗಲೂ ರಾತ್ರಿ ಓಡುವ ಮಿಣಮಿಣ ದೀಪ,
ಮೇಲಿನ ಮನೆಯ ಮೋಟರು,
ಎರಡೂ ನಮ್ಮ ಮೀಟರಿಗೇ.
ಸತ್ತವರ ಬೆಳಕಿನ ದುಡ್ಡು ವಾಪಸು ಕೇಳುವುದು ಹೇಗೆ?
ಮೋಟರಿಂದು ಮಾತ್ರ ಕೇಳಿದೆವು. ಮನೆ ಬಿಡಿಸಿದರು.

ಚಿತ್ರದುರ್ಗದ ಕಾಗದ ಒಂದೂ ಇಲ್ಲ.
ಅಲ್ಲಿದ್ದದ್ದು ಏಳೇ ತಿಂಗಳು,
ಅದರ ಮಾತು ನಾವಿಬ್ಬರೂ ಎತ್ತುವುದಿಲ್ಲ.

ಹಾಸನ, ನೀಲವ್ವ, ಲೆಕ್ಕಕ್ಕೆ ಅಗ್ಗ.
ಫ್ಯಾನು ತಿರುಗುವುದು ಏಪ್ರಿಲಿನಲ್ಲಿ ಒಂದಿಪ್ಪತ್ತು ದಿನ,
ಉಳಿದಂತೆ ಅದರ ರೆಕ್ಕೆಯ ಧೂಳು ಒರೆಸುವುದೇ ಕೆಲಸ.
ಡಿಸೆಂಬರು ಬಂತೋ, ಗೀಸರು ಎಲ್ಲ ವಸೂಲಿ ಮಾಡುತ್ತದೆ.
ಹೇಮಾವತಿ ಮೂರು ದಿನಕ್ಕೊಮ್ಮೆ, ಬೆಳಗಿನ ಜಾವ,
ಕೊಳವೆಯೊಳಗೆ ಅವಳ ಕೆಮ್ಮು ಕೇಳಿದರೆ
ಬೀದಿಯ ಬಿಂದಿಗೆಗಳೆಲ್ಲ ಏಳುತ್ತವೆ.
ಸಿಲಿಂಡರಿನ ಹುಡುಗ ಮಹಡಿ ಹತ್ತಿದ್ದಕ್ಕೆ ನಲವತ್ತು ಕೇಳಿ
ಮೂವತ್ತಕ್ಕೆ ನಗುತ್ತಾನೆ.
ಹುಬ್ಬಳ್ಳಿಯವನು ಐವತ್ತು ಅಂದರೆ ಐವತ್ತೇ, ನಗುವೂ ಇಲ್ಲ.

ಇಷ್ಟು ಬರೆದುಕೊಂಡೆ, ಕ್ಯಾಲೆಂಡರಿನ ಹಿಂದೆ.
ಕೂಡಿ, ತಿಂಗಳಿಗೆ ಭಾಗಿಸಿ,
ಊರಿಗೊಂದು ಅಂಕಿ ಕಟ್ಟಿ,
ಬಿಲ್ಲುಗಳನ್ನು ಮತ್ತೆ ಕಡ್ಡಿಗೆ ಪೋಣಿಸುವಾಗ ಕಣ್ಣಿಗೆ ಬಿತ್ತು:
ವಿರೂಪಣ್ಣ. ಫಾತಿಮಾಬಿ. ಬಸೆಟ್ಟೆಪ್ಪ.
ಈಗ ಕಾಳೇಗೌಡ ಬಿನ್ ಲೇಟ್ ದೊಡ್ಡಹನುಮೇಗೌಡ.
ಕಟ್ಟಿದ್ದೆಲ್ಲ ನಾವು,
ಒಂದರಲ್ಲೂ ನಮ್ಮ ಹೆಸರಿಲ್ಲ.
ಸರ್ಕಾರದ ಸೊನ್ನೆ ಬಿಲ್ಲು ನಮಗೂ ಸಿಗುತ್ತದಂತೆ,
ಕರಾರುಪತ್ರ ಬೇಕು.
ಗೌಡರು ಎರಡು ವರ್ಷದಿಂದ "ನಾಳೆ ನೋಡೋಣ ಕಣವ್ವ" ಅನ್ನುತ್ತಿದ್ದಾರೆ,
ಕೆಟ್ಟವರಲ್ಲ, ಅವರ ಮರದ ಹಲಸಿನ ತೊಳೆ ಕಳಿಸುತ್ತಾರೆ.

ನೀಲವ್ವನಿಗೆ ಏನು ಹೇಳಲಿ?
ಹಾಸನ ಬರಿ ಅನ್ನಲೆ,
ದಪ್ಪ ಕಂಬಳಿ ತಾ,
ಮೀಟರಿನ ಮೇನ್ ಸ್ವಿಚ್ ಆರಿಸಿ ಯಾರ ಮನೆ ಕತ್ತಲಾಗುತ್ತದೆ ನೋಡಿ
ಆಮೇಲೆ ಅಡ್ವಾನ್ಸು ಕೊಡು ಅನ್ನಲೆ?

ಫೋನು ಹಚ್ಚುವಷ್ಟರಲ್ಲಿ ಗೇಟಿನ ಸದ್ದು.
ಮೀಟರಿನ ಹುಡುಗ, ಹೆಗಲಿಗೆ ಮಿಷನ್ನು.
"ಕಾಳೇಗೌಡ್ರಾ?" ಅಂದ.
"ಹ್ಞೂಂ" ಅಂದೆ.
ಕೈ ಚಾಚಿ ಈಸಿಕೊಂಡೆ,
ಇನ್ನೂ ಬೆಚ್ಚಗಿತ್ತು ಕಾಗದ.