ಬೇಡಗಳ ಹಾಳೆ

ಔಷಧಿ ಕಪಾಟಿನ ಬಾಗಿಲ ಒಳಮೈಗೆ
ಅಂಟಿಸಿದ್ದೇನೆ ಒಂದೇ ಒಂದು ಹಾಳೆ.
ವರ್ಷ ತುಂಬದ ಕೂಸು, ನೆಗಡಿ, ಮೊದಲ ಗೂರಲು:
ಪಂಪು ಬೇಡ. ಸ್ಟೆರಾಯ್ಡ್ ಬೇಡ.
ಆಂಟಿಬಯೋಟಿಕ್ ಬೇಡ.
ಎದೆಯ ಎಕ್ಸ್‌ರೇ, ಸುಮ್ಮಸುಮ್ಮನೆ, ಬೇಡ.
ಓದಿ ಮುಗಿಸುವಷ್ಟರಲ್ಲಿ
ನಾನೇ ಬೇಡವೇನೋ ಅನಿಸುತ್ತದೆ.

ಬೆರ್ಮೆಯೊ ಬಂದರಿನಲ್ಲಿ ಡಿಸೆಂಬರ್.
ಕಟ್ಟಿದ ದೋಣಿಗಳು ಹಗ್ಗ ಜಗ್ಗುವ ಸದ್ದು ಕಿಟಕಿಯವರೆಗೆ.
ನೆಕಾನೆಯ ಮಡಿಲಲ್ಲಿ ಓಯೆರ್, ನಾಲ್ಕು ತಿಂಗಳು,
ಪಕ್ಕೆ ಒಳಗೆಳೆದು ಬಿಡುವ ಪುಟ್ಟ ತಿದಿ.
ನಿಮಿಷಕ್ಕೆ ಐವತ್ತೆರಡು. ಎರಡು ಸಲ ಎಣಿಸಿದೆ.
ಆಮ್ಲಜನಕ ತೊಂಬತ್ತೈದು.
ಮೊಲೆ ಹಿಡಿಯುತ್ತಾನೆ, ಬಿಡುತ್ತಾನೆ,
ಉಸಿರು ಕೂಡಿಸಿಕೊಂಡು ಮತ್ತೆ ಹಿಡಿಯುತ್ತಾನೆ.

ಇಪ್ಪತ್ತಾರು ಚಳಿಗಾಲ ಬರೆದ ಕೈ ಇದು.
ಗೂರಲು ಕೇಳಿದ್ದೇ ತಡ,
ಸ್ಟೆತಸ್ಕೋಪು ಕಿವಿಯಿಂದ ಇಳಿಯುವ ಮೊದಲೇ
ಸಾಲ್ಬ್ಯುಟಮಾಲ್ ಎಂದು ಗೀಚಿಬಿಡುತ್ತಿತ್ತು.
ಮಕ್ಕಳು ಗುಣವಾದರು. ನಾನು ಹೆಮ್ಮೆಪಟ್ಟೆ.
ಬರೆಯದಿದ್ದರೂ ಗುಣವಾಗುತ್ತಿದ್ದರು ಎಂದು
ಯಾರೋ ಕೂತು, ಸಾವಿರಾರು ಕೂಸುಗಳ ಉಸಿರು ಎಣಿಸಿ,
ಕೂಡಿ ಕಳೆದು ಹೇಳುವವರೆಗೆ.

ಅಜ್ಜಿ ಎಸ್ತಿಬಾಲಿಸ್ ಕುರ್ಚಿಯ ತುದಿಯಲ್ಲಿದ್ದಾಳೆ.
"ಇವನಪ್ಪನಿಗೆ ನೀನೇ ಕೊಟ್ಟಿದ್ದೆಯಲ್ಲ ಸಿರಪ್ಪು?"
"ಕೊಟ್ಟಿದ್ದೆ."
"ಬದುಕಿದನಲ್ಲ?"
"ಬದುಕಿದ."
"ಮತ್ತೆ?"
ಆ ಮತ್ತೆಗೆ ಹಾಳೆಯಲ್ಲಿ ಉತ್ತರವಿಲ್ಲ;
ಅದನ್ನು ಬರೆದವರ ಮುಂದೆ ಆಗ
ಯಾವ ಅಜ್ಜಿಯೂ ಕೂತಿರಲಿಲ್ಲ.

ಬೇಡ ಎನ್ನುವ ಹಾಳೆ ಬೆನ್ನ ಹಿಂದೆ,
ಬೇಡುವ ಕಣ್ಣು ಎದುರಿಗೆ.
ನಡುವೆ ಪೆನ್ನು.

ಕಳೆದ ತಿಂಗಳು ಬಿಲ್ಬಾವೊದ ಕಚೇರಿಯಿಂದ
ನನ್ನದೇ ನಕ್ಷೆ ಬಂದಿತ್ತು:
ನೂರು ಕೂಸಿಗೆ ಅರವತ್ತೆಂಟು ಚೀಟಿ ಬರೆಯುತ್ತಿದ್ದವಳು
ಹದಿನಾಲ್ಕಕ್ಕೆ ಇಳಿದಿದ್ದೇನೆ, ಅಭಿನಂದನೆ.
ಕೆಳಗೆ, ಸಣ್ಣಕ್ಷರದಲ್ಲಿ, ವಾರದ ದಿನಗಳಂತೆ ವಿಂಗಡಿಸಿ:
ಆ ಹದಿನಾಲ್ಕರಲ್ಲಿ ಒಂಬತ್ತು
ಶುಕ್ರವಾರ, ಸಂಜೆ ಐದರ ಮೇಲೆ.
ಯಾರಿಗೂ ಹೇಳಿರಲಿಲ್ಲ ನಾನು. ನನಗೂ.
ಶುಕ್ರವಾರದ ಮಗುವನ್ನು ಸೋಮವಾರದವರೆಗೆ
ಬರಿಗೈಯಲ್ಲಿ ಕಳಿಸುವುದು ಹೇಗೆ?
ಆ ಮದ್ದು ಯಾರಿಗೆ ಬರೆದದ್ದು? ಕೂಸಿಗೋ, ತಾಯಿಗೋ,
ಶನಿವಾರ ರಾತ್ರಿ ನಿದ್ದೆ ಬರಬೇಕಾದವಳಿಗೋ?

ಇವತ್ತು ಶುಕ್ರವಾರ.

ಪೆನ್ನಿಗೆ ಮುಚ್ಚಳ ಹಾಕಿ ಕುರ್ಚಿ ಹತ್ತಿರ ಎಳೆದೆ.
ಮೂಗಿಗೆ ಉಪ್ಪುನೀರು ಬಿಡುವುದು ತೋರಿಸಿದೆ, ತಲೆ ಹೀಗೆ, ಬೆರಳು ಹೀಗೆ.
ಹಾಲು ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ.
ನಾಳೆ, ನಾಡಿದ್ದು ಇನ್ನೂ ಹೆಚ್ಚಾದೀತು,
ಮದ್ದು ಕೊಡದ್ದಕ್ಕಲ್ಲ, ಈ ಕಾಯಿಲೆಯ ನಡಿಗೆಯೇ ಹಾಗೆ.
ಅಂಗಿ ಎತ್ತಿ, ಉಸಿರು ಎಣಿಸುವುದು ಕಲಿಸಿದೆ ನೆಕಾನೆಗೆ;
ಅವಳ ತುಟಿ ಅಲುಗಿತು, ಲೆಕ್ಕ ತಪ್ಪಿತು, ಮತ್ತೆ ಒಂದರಿಂದ.
ಅರ್ಧ ಹಾಲೂ ಇಳಿಯದಿದ್ದರೆ, ತುಟಿ ನೀಲಿಗಟ್ಟಿದರೆ,
ಉಸಿರು ತಡೆದು ನಿಂತರೆ
ನನ್ನನ್ನು ಕೇಳಲು ನಿಲ್ಲಬೇಡಿ, ನೇರ ಆಸ್ಪತ್ರೆಗೆ.
ಇಪ್ಪತ್ತೆರಡು ನಿಮಿಷ.
ಚೀಟಿ ಬರೆದಿದ್ದರೆ ಎರಡೇ.
ಹೊರಗೆ ಏಳು ತೊಡೆಗಳ ಮೇಲೆ ಏಳು ಕೆಮ್ಮು.

"ಈರುಳ್ಳಿ ಹೆಚ್ಚಿ ತೊಟ್ಟಿಲ ಬಳಿ ಇಡಲೇ?"
ಅಜ್ಜಿ, ಪಟ್ಟು ಬಿಡದೆ.
ಕಪಾಟು ತೆರೆದು ಹಾಳೆಯನ್ನು
ಮೇಲಿಂದ ಕೆಳಗೆ ನೋಡಿದೆ.
ಈರುಳ್ಳಿಗೆ ಬೇಡ ಇರಲಿಲ್ಲ.
"ಇಡಿ" ಎಂದೆ.
ಕೈಗೊಂದು ಕೆಲಸ ಸಿಕ್ಕಿತೆಂಬಂತೆ ಎದ್ದಳು.

ಶನಿವಾರ ರಾತ್ರಿ ಮೂರಕ್ಕೆ ಎಚ್ಚರ.
ಫೋನು ಸುಮ್ಮನಿತ್ತು.
ಅದು ಸುಮ್ಮನಿರುವುದು ಒಳ್ಳೆಯದೋ ಕೆಟ್ಟದ್ದೋ
ಹೇಳುವ ಹಾಳೆ ನನ್ನ ಬಳಿ ಇಲ್ಲ.
ಎದ್ದು, ದೀಪ ಹಾಕದೆ, ಅಡುಗೆಮನೆಗೆ ಹೋಗಿ
ಒಂದು ಈರುಳ್ಳಿ ಹೆಚ್ಚಿದೆ.